16 ಸಿಗ್ನಿ: ದೈತ್ಯ ಗ್ರಹವಿರುವ ಜೋಡಿ ನಕ್ಷತ್ರವನ್ನು ನೀವೇ ಹುಡುಕಿ ನೋಡುವುದು ಹೇಗೆ?

"ಬೇರೆ ಸೂರ್ಯರ ಸುತ್ತಲೂ ಗ್ರಹಗಳಿವೆ ಅಂತ ಓದುತ್ತಲೇ ಇರುತ್ತೇವೆ. ಅಂಥ ಒಂದು ಸೂರ್ಯನನ್ನು ನಾವೇ ನೋಡೋಕೆ ಆಗುತ್ತಾ?" ಓದುಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಎರಡು ನಕ್ಷತ್ರ ಜೊತೆಗಿರುವ ಕಡೆ ಗ್ರಹ ಹೇಗೆ ಉಳಿಯುತ್ತದೆ? ಅಲ್ಲಿ ಆಕಾಶದಲ್ಲಿ ಎರಡು ಸೂರ್ಯ ಕಾಣುತ್ತಾ?"

ಎರಡಕ್ಕೂ ನಾನು ತೋರಿಸುವ ಜಾಗ ಒಂದೇ. ರಾಜಹಂಸ ನಕ್ಷತ್ರಪುಂಜದ ರೆಕ್ಕೆಯ ಹತ್ತಿರ 16 ಸಿಗ್ನಿ ಎಂಬ ಜೋಡಿ ನಕ್ಷತ್ರವಿದೆ. ದೂರ ಸುಮಾರು 69 ಜ್ಯೋತಿರ್ವರ್ಷ, ಅಂದರೆ ಇವತ್ತು ನಿಮ್ಮ ಕಣ್ಣಿಗೆ ಬೀಳುವ ಬೆಳಕು ಅಲ್ಲಿಂದ ಹೊರಟು 69 ವರ್ಷ ಆಗಿದೆ. ಎರಡೂ ನಕ್ಷತ್ರಗಳು ನಮ್ಮ ಸೂರ್ಯನ ಜಾತಿಯವೇ. ಅವುಗಳಲ್ಲಿ ಒಂದರ ಸುತ್ತ ಗುರುಗ್ರಹಕ್ಕಿಂತ ತೂಕದ ಗ್ರಹವೊಂದು ತಿರುಗುತ್ತಿದೆ. ಈ ಜೋಡಿಯನ್ನು ನೋಡಲು ಒಂದು ಬೈನಾಕ್ಯುಲರ್ ಸಾಕು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಿಮಗೆ ಕಾಣುವುದು ನಕ್ಷತ್ರ, ಗ್ರಹ ಅಲ್ಲ. ಗ್ರಹ ಆ ನಕ್ಷತ್ರಕ್ಕಿಂತ ಕೋಟಿಗಟ್ಟಲೆ ಪಟ್ಟು ಮಂಕು, ಮೇಲಾಗಿ ನಮ್ಮಿಂದ ನೋಡಿದರೆ ಅದಕ್ಕೆ ಅಂಟಿಕೊಂಡಂತೆ ಇದೆ. ಯಾವ ಮನೆ ದೂರದರ್ಶಕದಲ್ಲೂ ಅದು ಕಾಣುವುದಿಲ್ಲ. ಆದರೆ ಆ ಎರಡು ಚುಕ್ಕಿಗಳಲ್ಲಿ ಯಾವುದಕ್ಕೆ ಗ್ರಹ ಇದೆ ಅಂತ ಬೆರಳಿಟ್ಟು ತೋರಿಸಬಹುದು. ಆಮೇಲೆ ಆ ಗ್ರಹದ ದಾರಿಯನ್ನು ಕಾಗದದ ಮೇಲೆ ಅಳತೆ ಪ್ರಕಾರ ಬಿಡಿಸಬಹುದು. ಈ ಎರಡೂ ಕೆಲಸವನ್ನು ಕೂಡಿಸಿ ಮಾಡಿದಾಗಲೇ ನೋಟಕ್ಕೆ ಅರ್ಥ ಬರುತ್ತದೆ ಅನ್ನುವುದು ನನ್ನ ಅನುಭವ. ಹಾಗಾಗಿ ಇಲ್ಲಿ ಎರಡನ್ನೂ ಹೇಳಿದ್ದೇನೆ.

ಮೊದಲು ಹೆಸರಿನ ಗೊಂದಲ

ಇದನ್ನು ಬಿಡಿಸಿಕೊಳ್ಳದೆ ಮುಂದೆ ಹೋಗಬೇಡಿ. ಜೋಡಿಯಲ್ಲಿ ಸ್ವಲ್ಪ ಜಾಸ್ತಿ ಹೊಳೆಯುವ ನಕ್ಷತ್ರ 16 ಸಿಗ್ನಿ ಎ. ಇನ್ನೊಂದು 16 ಸಿಗ್ನಿ ಬಿ. ಗ್ರಹ ಇರುವುದು ಬಿ ಸುತ್ತ. ಗ್ರಹಗಳಿಗೆ ಹೆಸರಿಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸುತ್ತಾರೆ, ಅದೂ ಬಿ ಇಂದಲೇ ಶುರು. ಹಾಗಾಗಿ ಗ್ರಹದ ಪೂರ್ತಿ ಹೆಸರು "16 ಸಿಗ್ನಿ ಬಿ ಬಿ". ಮೊದಲ ಬಿ ದೊಡ್ಡ ಅಕ್ಷರ, ಅದು ನಕ್ಷತ್ರ. ಎರಡನೆಯದು ಸಣ್ಣ ಅಕ್ಷರ, ಅದು ಗ್ರಹ. ಪಟ್ಟಿಗಳಲ್ಲಿ ಒಂದು ಬಿ ಬಿಟ್ಟುಹೋದರೆ ಇಡೀ ಅರ್ಥ ಬದಲಾಗುತ್ತದೆ.

ಆಕಾಶ ನಕ್ಷೆಯ ಆ್ಯಪ್‌ಗಳಲ್ಲಿ ಈ ಹೆಸರು ಸಿಗದಿದ್ದರೆ ಎಚ್‌ಡಿ ಎಂಬ ನಕ್ಷತ್ರ ಪಟ್ಟಿಯ ಸಂಖ್ಯೆ ಹಾಕಿ, ಎಚ್‌ಡಿ 186408 ಅಂತ ಹುಡುಕಿ, ಅದು ಎ. ಎಚ್‌ಡಿ 186427 ಅಂದರೆ ಬಿ.

ಎ ನಕ್ಷತ್ರಕ್ಕೆ ಅಂಟಿಕೊಂಡಂತೆ ಮಂಕಾದ ಒಂದು ಕೆಂಪು ಕುಬ್ಜ ನಕ್ಷತ್ರವೂ ಇದೆ. ಹಾಗಾಗಿ ಲೆಕ್ಕಕ್ಕೆ ಇದು ಮೂರು ನಕ್ಷತ್ರಗಳ ಕುಟುಂಬ. ಸಣ್ಣ ದೂರದರ್ಶಕದಲ್ಲಿ ಮೂರನೆಯದು ಕಾಣುವುದಿಲ್ಲ, ಅದನ್ನು ಹುಡುಕುತ್ತಾ ಹೊತ್ತು ಕಳೆಯಬೇಡಿ.

ಏನೇನು ಬೇಕು

ಬೈನಾಕ್ಯುಲರ್ ಆದರೆ 10x50 ಇರಲಿ. ಮೊದಲ ಸಂಖ್ಯೆ ಎಷ್ಟು ಪಟ್ಟು ಹಿಗ್ಗಿಸುತ್ತದೆ ಅಂತ ಹೇಳುತ್ತದೆ, ಎರಡನೆಯದು ಮುಂದಿನ ಗಾಜಿನ ಅಗಲ ಎಷ್ಟು ಮಿಲಿಮೀಟರ್ ಅಂತ. ಅದನ್ನು ಟ್ರೈಪಾಡ್ ಮೇಲೆ ಕೂರಿಸಲೇಬೇಕು. ಕೈಯಲ್ಲಿ ಹಿಡಿದರೆ ಈ ಜೋಡಿ ಬೇರೆಬೇರೆಯಾಗಿ ಕಾಣುವುದು ಕಷ್ಟ. ತುಂಬಾ ಜನ ಸೋಲುವುದು ಇಲ್ಲೇ, ಆಮೇಲೆ ಬೈನಾಕ್ಯುಲರ್ ಸರಿಯಿಲ್ಲ ಅಂದುಕೊಳ್ಳುತ್ತಾರೆ. 60 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡ ದೂರದರ್ಶಕ ಇದ್ದರೆ ಕೆಲಸ ಸಲೀಸು, 30 ಪಟ್ಟು ಹಿಗ್ಗಿಸಿದರೆ ಸಾಕು.

ಇದರ ಜೊತೆಗೆ ಒಂದು ಆಕಾಶ ನಕ್ಷೆ (ಸ್ಟೆಲೇರಿಯಂ ಚೆನ್ನಾಗಿದೆ), ಕೆಂಪು ಬೆಳಕಿನ ಟಾರ್ಚ್, ನೋಟ್‌ಬುಕ್. ಎರಡನೇ ಭಾಗಕ್ಕೆ ಎ4 ಕಾಗದ, ಎರಡು ಗುಂಡುಸೂಜಿ, ದಪ್ಪ ರಟ್ಟು, ದಾರ, ಸ್ಕೇಲು, ಕಂಪಾಸು, ಪೆನ್ಸಿಲ್.

ಮೂರು ಪದಗಳ ಅರ್ಥ ಗೊತ್ತಿರಲಿ:

ಕಾಂತಿಮಾನ: ನಕ್ಷತ್ರ ನಮಗೆ ಎಷ್ಟು ಹೊಳೆಯುತ್ತಾ ಕಾಣುತ್ತದೆ ಅನ್ನುವ ಅಳತೆ. ಸಂಖ್ಯೆ ದೊಡ್ಡದಾದಷ್ಟೂ ನಕ್ಷತ್ರ ಮಂಕು. ಒಳ್ಳೆಯ ಕತ್ತಲಲ್ಲಿ ಬರಿಗಣ್ಣಿಗೆ ಸುಮಾರು 6ರವರೆಗೆ ಕಾಣುತ್ತದೆ. ನಮ್ಮ ಜೋಡಿಯ ಕಾಂತಿಮಾನ 6.0 ಮತ್ತು 6.2.

ಕೋನ ಸೆಕೆಂಡು: ಆಕಾಶದಲ್ಲಿ ಎರಡು ಚುಕ್ಕಿಗಳ ನಡುವಿನ ಅಂತರದ ಅಳತೆ. ಒಂದು ಡಿಗ್ರಿಯಲ್ಲಿ 3600 ಕೋನ ಸೆಕೆಂಡು. ಹುಣ್ಣಿಮೆ ಚಂದ್ರನ ಅಗಲ ಸುಮಾರು 1800. ನಮ್ಮ ಜೋಡಿಯ ಅಂತರ ಸುಮಾರು 40.

ಖಗೋಳಮಾನ: ಭೂಮಿಯಿಂದ ಸೂರ್ಯನಿಗಿರುವ ಸರಾಸರಿ ದೂರ, ಸುಮಾರು 15 ಕೋಟಿ ಕಿಲೋಮೀಟರ್.

ಹಂತ 1: ಯಾವಾಗ, ಎಷ್ಟು ಎತ್ತರದಲ್ಲಿ?

ಜುಲೈ ಮಧ್ಯದಲ್ಲಿ ಈ ಜೋಡಿ ನಡುರಾತ್ರಿಯ ಹೊತ್ತಿಗೆ ಅತಿ ಎತ್ತರಕ್ಕೆ ಬರುತ್ತದೆ. ಸೆಪ್ಟೆಂಬರ್ ಮೊದಲ ವಾರದಲ್ಲಿ ರಾತ್ರಿ 9ಕ್ಕೆ, ಅಕ್ಟೋಬರ್ ಮೊದಲ ವಾರದಲ್ಲಿ 7ಕ್ಕೆ. ದಿನವೂ ಸುಮಾರು 4 ನಿಮಿಷ ಮುಂಚಿತವಾಗುತ್ತಾ ಹೋಗುತ್ತದೆ.

ಎತ್ತರದ ಲೆಕ್ಕ ಸುಲಭ. ನೀವು ಭೂಮಧ್ಯರೇಖೆಯಿಂದ ಉತ್ತರಕ್ಕಿದ್ದರೆ ನಿಮ್ಮ ಅಕ್ಷಾಂಶಕ್ಕೆ 39.5 ಕೂಡಿಸಿ. 15 ಡಿಗ್ರಿ ಉತ್ತರದಲ್ಲಿದ್ದರೆ ಅದು ದಿಗಂತದಿಂದ 54.5 ಡಿಗ್ರಿ ಮೇಲೇರುತ್ತದೆ. ಮೊತ್ತ 90 ದಾಟಿದರೆ ನೆತ್ತಿಯನ್ನೂ ದಾಟಿ ದಕ್ಷಿಣದ ಕಡೆ ಹೋಗುತ್ತದೆ ಅಂತ ಅರ್ಥ. ದಕ್ಷಿಣಾರ್ಧದಲ್ಲಿದ್ದರೆ 39.5ರಿಂದ ನಿಮ್ಮ ಅಕ್ಷಾಂಶ ಕಳೆಯಿರಿ. ಕಳೆದು ಉಳಿದದ್ದು ಸೊನ್ನೆಯ ಹತ್ತಿರ ಇದ್ದರೆ ಈ ಜೋಡಿಯ ಆಸೆ ಬಿಡಬೇಕು.

ಕತ್ತಲಲ್ಲಿ ಕಣ್ಣು ಪಳಗಲು 20ರಿಂದ 30 ನಿಮಿಷ ಬೇಕು. ಆ ನಡುವೆ ಒಂದು ಸಲ ಮೊಬೈಲ್ ಪರದೆ ನೋಡಿದರೂ ಮತ್ತೆ ಮೊದಲಿಂದ ಶುರು.

ಹಂತ 2: ರಾಜಹಂಸವನ್ನು ಗುರುತಿಸಿ

ಈ ತಿಂಗಳುಗಳಲ್ಲಿ ಮೂರು ಪ್ರಕಾಶಮಾನ ನಕ್ಷತ್ರಗಳು ದೊಡ್ಡ ತ್ರಿಕೋನ ಮಾಡುತ್ತವೆ: ಅಭಿಜಿತ್, ಶ್ರವಣ, ಡೆನೆಬ್. ಮೂರರಲ್ಲಿ ಅಭಿಜಿತ್ ಅತಿ ಪ್ರಕಾಶಮಾನ. ಡೆನೆಬ್ ಹಂಸದ ಬಾಲ. ಅಲ್ಲಿಂದ ತ್ರಿಕೋನದ ಒಳಕ್ಕೆ ನೋಡಿದರೆ ಮೊದಲು ಎದೆಯಲ್ಲಿ ಸದ್ರ್ ಎಂಬ ನಕ್ಷತ್ರ, ಮುಂದೆ ಕೊಕ್ಕಿನ ತುದಿಯಲ್ಲಿ ಅಲ್ಬಿರಿಯೊ. ಸದ್ರ್‌ನ ಎರಡು ಬದಿಗೂ ರೆಕ್ಕೆ. ನಮಗೆ ಬೇಕಾದ್ದು ಅಭಿಜಿತ್ ಕಡೆಗೆ ಚಾಚಿರುವ ರೆಕ್ಕೆ. ಆ ಕಡೆ ಮೊದಲು ಸಿಗುವ ನಕ್ಷತ್ರ ಡೆಲ್ಟಾ ಸಿಗ್ನಿ.

ಹಂತ 3: ಅಲ್ಬಿರಿಯೊ ಮೇಲೆ ನಿಮ್ಮ ಉಪಕರಣ ಪರೀಕ್ಷೆ ಮಾಡಿ

ಈ ಹಂತವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಅಲ್ಬಿರಿಯೊ ಕೂಡ ಜೋಡಿಯೇ, ಒಂದು ಹೊಂಬಣ್ಣ, ಒಂದು ನೀಲಿ. ಅವುಗಳ ಅಂತರ ಸುಮಾರು 35 ಕೋನ ಸೆಕೆಂಡು. ಅಂದರೆ ನಾವು ಹುಡುಕುವ ಜೋಡಿಗಿಂತ ಸ್ವಲ್ಪ ಹತ್ತಿರ. ಅಲ್ಬಿರಿಯೊ ನಿಮಗೆ ಎರಡಾಗಿ ಕಂಡರೆ 16 ಸಿಗ್ನಿ ಕೂಡ ಕಾಣುತ್ತದೆ. ಕಾಣದಿದ್ದರೆ ಫೋಕಸ್ ಸರಿ ಮಾಡಿಕೊಳ್ಳಿ, ಟ್ರೈಪಾಡ್ ಬಿಗಿ ಮಾಡಿ. ಒಂದೊಂದೇ ಕಣ್ಣಿಗೆ ಬೇರೆಬೇರೆಯಾಗಿ ಫೋಕಸ್ ಹೊಂದಿಸುವ ತಿರುಗಣಿ ಬೈನಾಕ್ಯುಲರ್‌ನಲ್ಲಿ ಇರುತ್ತದೆ. ಅದನ್ನು ಮುಟ್ಟದೇ ಇರುವವರೇ ಜಾಸ್ತಿ.

ಈ ಪರೀಕ್ಷೆಯಿಂದ ಇನ್ನೊಂದು ಲಾಭ ಇದೆ. 40 ಕೋನ ಸೆಕೆಂಡಿನ ಅಂತರ ನಿಮ್ಮ ಬೈನಾಕ್ಯುಲರ್‌ನಲ್ಲಿ ಎಷ್ಟು ಕಾಣುತ್ತದೆ ಅಂತ ಕಣ್ಣಿಗೆ ಅಂದಾಜು ಸಿಗುತ್ತದೆ. ಐದನೇ ಹಂತದಲ್ಲಿ ಅದು ಬೇಕಾಗುತ್ತದೆ.

ಹಂತ 4: ರೆಕ್ಕೆಯ ತುದಿಗೆ ಹೋಗಿ

ಡೆಲ್ಟಾದಿಂದ ರೆಕ್ಕೆ ಧ್ರುವ ನಕ್ಷತ್ರದ ಕಡೆ ಬಾಗುತ್ತದೆ. ಕೈ ನೀಡಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಡೆಲ್ಟಾದಿಂದ ಮುಕ್ಕಾಲು ಮುಷ್ಟಿಯಷ್ಟು ಸಾಗಿದರೆ ಅಯೋಟಾ ಸಿಗ್ನಿ, ಅಲ್ಲಿಂದ ಇನ್ನೂ ಎರಡೂವರೆ ಡಿಗ್ರಿ ಹೋದರೆ ಕಪ್ಪಾ ಸಿಗ್ನಿ. ಇವೆರಡೂ ಹೆಚ್ಚುಕಡಿಮೆ ಒಂದೇ ಹೊಳಪಿನವು.

ಈಗ ಅಯೋಟಾವನ್ನು ಬೈನಾಕ್ಯುಲರ್‌ನಲ್ಲಿ ಇಟ್ಟುಕೊಂಡು ಡೆಲ್ಟಾ ಕಡೆಗೆ ಸುಮಾರು 2 ಡಿಗ್ರಿ ಹಿಂದೆ ಬನ್ನಿ. ಅಲ್ಲಿ 4.5 ಕಾಂತಿಮಾನದ ಥೀಟಾ ಸಿಗ್ನಿ ಸಿಗುತ್ತದೆ. ಹೆಚ್ಚಿನ ಬೈನಾಕ್ಯುಲರ್‌ಗಳಲ್ಲಿ ಕಪ್ಪಾ, ಅಯೋಟಾ, ಥೀಟಾ ಮೂರೂ ಒಂದೇ ನೋಟದಲ್ಲಿ ಹಿಡಿಸುತ್ತವೆ. ಮೂರೂ ಒಟ್ಟಿಗೆ ಕಂಡವು ಅಂದರೆ ನೀವು ಸರಿಯಾದ ಜಾಗದಲ್ಲಿದ್ದೀರಿ.

ಹಂತ 5: ಥೀಟಾದಿಂದ ಒಂದೇ ಹೆಜ್ಜೆ

ಅಭಿಜಿತ್‌ನಿಂದ ಥೀಟಾಗೆ ಮನಸ್ಸಿನಲ್ಲೇ ಒಂದು ಗೆರೆ ಎಳೆಯಿರಿ. ಅದನ್ನು ಹಾಗೇ ಮುಂದುವರಿಸಿ, ಸ್ವಲ್ಪ ಡೆನೆಬ್ ಕಡೆಗೆ ವಾಲಿಸಿ. ಥೀಟಾದಿಂದ 0.9 ಡಿಗ್ರಿ, ಅಂದರೆ ಎರಡು ಹುಣ್ಣಿಮೆ ಚಂದ್ರರನ್ನು ಪಕ್ಕಪಕ್ಕ ಇಟ್ಟಷ್ಟು ದೂರವೂ ಇಲ್ಲ. ಅಲ್ಲಿ ಒಂದೇ ಹೊಳಪಿನ, ತಿಳಿ ಹಳದಿ ಬಣ್ಣದ ಎರಡು ಚುಕ್ಕಿ ಜೊತೆಯಾಗಿ ಕೂತಿರುತ್ತವೆ. ಅದೇ 16 ಸಿಗ್ನಿ.

ಎಚ್ಚರಿಕೆ: ಥೀಟಾದ ಮಗ್ಗುಲಲ್ಲೇ ಆರ್ ಸಿಗ್ನಿ ಎಂಬ ಕಡುಗೆಂಪು ನಕ್ಷತ್ರ ಇದೆ. ಅದರ ಹೊಳಪು ಒಂದು ವರ್ಷಕ್ಕಿಂತ ಸ್ವಲ್ಪ ಜಾಸ್ತಿ ಅವಧಿಯಲ್ಲಿ ಏರಿ ಇಳಿಯುತ್ತದೆ. ಇಳಿದಾಗ ಬೈನಾಕ್ಯುಲರ್‌ಗೆ ಸಿಗುವುದೇ ಇಲ್ಲ, ಏರಿದಾಗ ಚೆನ್ನಾಗಿ ಕಾಣುತ್ತದೆ. ಆ ಹೊತ್ತಿನಲ್ಲಿ ಹೊಸಬರು ಥೀಟಾ ಮತ್ತು ಆರ್ ಸಿಗ್ನಿಯನ್ನೇ "ಜೋಡಿ" ಅಂದುಕೊಂಡುಬಿಡುತ್ತಾರೆ. ನನಗೂ ಮೊದಲ ಸಲ ಹಾಗೇ ಆಗಿತ್ತು. ವ್ಯತ್ಯಾಸ ಸುಲಭ. ತಪ್ಪು ಜೋಡಿಯಲ್ಲಿ ಅಂತರ ಅಲ್ಬಿರಿಯೊಗಿಂತ ತುಂಬಾ ಜಾಸ್ತಿ, ಹೊಳಪು ಒಂದೇ ಸಮ ಇಲ್ಲ, ಒಂದು ಕೆಂಪು. ಸರಿಯಾದ ಜೋಡಿಯಲ್ಲಿ ಬಣ್ಣವೂ ಒಂದೇ, ಹೊಳಪೂ ಹೆಚ್ಚುಕಡಿಮೆ ಒಂದೇ.

ಹಂತ 6: ಇವೆರಡರಲ್ಲಿ ಗ್ರಹ ಇರುವುದು ಯಾವುದಕ್ಕೆ?

ನನಗೆ ಈ ಇಡೀ ಕೆಲಸದಲ್ಲಿ ಅತಿ ಇಷ್ಟವಾದ ಹಂತ ಇದು.

ಹೊಳಪು ನೋಡಿ ಹೇಳುವುದು ಕಷ್ಟ, ವ್ಯತ್ಯಾಸ ತುಂಬಾ ಕಡಿಮೆ. "ಕೆಳಗಿರುವುದು ಬಿ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ದೂರದರ್ಶಕಗಳು ಚಿತ್ರವನ್ನು ತಲೆಕೆಳಗು ಮಾಡುತ್ತವೆ, ಕೆಲವು ಎಡ ಬಲವನ್ನೂ ಅದಲುಬದಲು ಮಾಡುತ್ತವೆ. ನಿಮ್ಮ ಕೆಳಗೆ ಇನ್ನೊಬ್ಬರ ಮೇಲೆ.

ಬೈನಾಕ್ಯುಲರ್ ಇದ್ದರೆ: ಅದು ಚಿತ್ರವನ್ನು ತಿರುಗಿಸುವುದಿಲ್ಲ. ಹಂಸದ ಎದೆಯ ಸದ್ರ್ ಯಾವ ಕಡೆ ಇದೆ ನೋಡಿಕೊಳ್ಳಿ. ಜೋಡಿಯಲ್ಲಿ ಆ ಕಡೆಗಿರುವುದು ಬಿ.

ದೂರದರ್ಶಕ ಇದ್ದರೆ: ನಕ್ಷತ್ರವನ್ನು ಹಿಂಬಾಲಿಸುವ ಮೋಟಾರ್ ಆಫ್ ಮಾಡಿ, ಸುಮ್ನೆ ನೋಡುತ್ತಾ ಇರಿ. ಭೂಮಿ ತಿರುಗುವುದರಿಂದ ಎರಡು ಚುಕ್ಕಿಗಳೂ ಮೆಲ್ಲಗೆ ಒಂದು ಅಂಚಿನ ಕಡೆ ಜಾರುತ್ತವೆ. ಆ ಅಂಚು ಯಾವಾಗಲೂ ಪಶ್ಚಿಮ, ಚಿತ್ರ ಹೇಗೇ ತಿರುಗಿರಲಿ. ಎ ಪಶ್ಚಿಮಕ್ಕಿದೆ, ಬಿ ಪೂರ್ವಕ್ಕಿದೆ. ಹಾಗಾಗಿ ಎ ಮುಂದೆ, ಬಿ ಹಿಂದೆ. ಮೊದಲು ಎ ಅಂಚಿನಲ್ಲಿ ಮರೆಯಾಗುತ್ತದೆ. ಜೋಡಿ ನೋಟದ ನಡುವಿನಿಂದ ಜಾರಿದ್ದರೆ ಸುಮಾರು 3 ಸೆಕೆಂಡಿನ ಮೇಲೆ ಬಿ ಮರೆಯಾಗುತ್ತದೆ. ಆ ಮೂರು ಸೆಕೆಂಡು ಒಂಟಿಯಾಗಿ ಕಾಣುವ ಚುಕ್ಕಿ ಇದೆಯಲ್ಲ, ದೈತ್ಯ ಗ್ರಹ ಸುತ್ತುತ್ತಿರುವುದು ಅದನ್ನೇ. ದೂರದರ್ಶಕವನ್ನು ಮತ್ತೆ ಹಿಂದಕ್ಕೆ ತಂದು ಎರಡು ಮೂರು ಸಲ ಮಾಡಿ. ಮಕ್ಕಳಿಗೆ ತೋರಿಸುವಾಗ ಅವರೇ ಎಣಿಸಲಿ.

ಹಂತ 7: ಮೂರು ನಿಮಿಷ ಕಾಯಿರಿ

ಮೋಟಾರ್ ಆಫ್ ಇದ್ದ ಹಾಗೇ ಇರಲಿ. ಜೋಡಿಯನ್ನು ನೋಟದ ನಡುವೆ ಇಟ್ಟು ದೂರದರ್ಶಕವನ್ನು ಮುಟ್ಟದೆ 3 ನಿಮಿಷ ಬಿಡಿ. ಅದೇ ಜಾಗಕ್ಕೆ ಎನ್‌ಜಿಸಿ 6826 ಎಂಬ ಗ್ರಹೀಯ ನೀಹಾರಿಕೆ ತಾನಾಗಿಯೇ ಬಂದು ನಿಲ್ಲುತ್ತದೆ. ಹೆಸರಲ್ಲಿ ಗ್ರಹ ಇದ್ದರೂ ಗ್ರಹಕ್ಕೂ ಇದಕ್ಕೂ ಸಂಬಂಧ ಇಲ್ಲ. ಸೂರ್ಯನಂಥ ನಕ್ಷತ್ರ ಮುಪ್ಪಿನಲ್ಲಿ ಹೊರಚೆಲ್ಲಿದ ಅನಿಲದ ಚಿಪ್ಪು ಅದು. ನೇರವಾಗಿ ನೋಡಿದರೆ ನಡುವಿನ ನಕ್ಷತ್ರ ಮಾತ್ರ ಕಾಣುತ್ತದೆ. ಕಣ್ಣನ್ನು ಸ್ವಲ್ಪ ಪಕ್ಕಕ್ಕೆ ಹೊರಳಿಸಿದರೆ ಸುತ್ತಲಿನ ಮಂಜು ಮೂಡುತ್ತದೆ. ಇದಕ್ಕೆ 100 ಮಿಲಿಮೀಟರ್ ಆಸುಪಾಸಿನ ದೂರದರ್ಶಕ ಇದ್ದರೆ ಒಳ್ಳೆಯದು.

ಹಂತ 8: ಗ್ರಹದ ದಾರಿಯನ್ನು ಕಾಗದದ ಮೇಲೆ ಬಿಡಿಸಿ

ಈಗ ಒಳಗೆ ಬನ್ನಿ, ದೀಪ ಹಾಕಿ. ಗ್ರಹದ ಬಗ್ಗೆ ಮೂರು ಅಂಕಿ ಸಾಕು. ಒಂದು ಸುತ್ತಿಗೆ ಸುಮಾರು 799 ದಿನ. ನಕ್ಷತ್ರದ ತೂಕ ಸೂರ್ಯನ ಸುಮಾರು 1.04 ಪಟ್ಟು. ಉತ್ಕೇಂದ್ರತೆ 0.69. ಉತ್ಕೇಂದ್ರತೆ ಅಂದರೆ ದಾರಿ ಎಷ್ಟು ಉದ್ದಕ್ಕೆ ಎಳೆದಂತಿದೆ ಅನ್ನುವ ಅಳತೆ. ಪೂರ್ತಿ ವೃತ್ತವಾದರೆ 0, ಭೂಮಿಯ ದಾರಿ 0.017. 0.69 ಅಂದರೆ ತುಂಬಾ ಜಾಸ್ತಿ.

ಮೊದಲು ಸರಾಸರಿ ದೂರ. ಸುತ್ತುವ ಕಾಲವನ್ನು ವರ್ಷಕ್ಕೆ ತನ್ನಿ: 799 ಭಾಗಿಸು 365.25, ಅಂದರೆ 2.19. ಅದನ್ನು ಅದರಿಂದಲೇ ಗುಣಿಸಿ, 4.8. ಅದಕ್ಕೆ ನಕ್ಷತ್ರದ ತೂಕ 1.04 ಗುಣಿಸಿ, ಹೆಚ್ಚುಕಡಿಮೆ 5. ಇದರ ಘನಮೂಲ 1.7. ಅಷ್ಟೇ, ಸರಾಸರಿ ದೂರ 1.7 ಖಗೋಳಮಾನ. 400 ವರ್ಷ ಹಿಂದೆ ಕೆಪ್ಲರ್ ನಮ್ಮ ಗ್ರಹಗಳಿಗೆ ಕಂಡುಕೊಂಡ ನಿಯಮ 69 ಜ್ಯೋತಿರ್ವರ್ಷದಾಚೆಗೂ ಕೆಲಸ ಮಾಡುತ್ತದೆ.

ಈಗ ಅಳತೆ: 1 ಖಗೋಳಮಾನಕ್ಕೆ 5 ಸೆಂಟಿಮೀಟರ್.

ರಟ್ಟಿನ ಮೇಲೆ ಕಾಗದ ಇಟ್ಟು, ಉದ್ದದ ದಿಕ್ಕಿನಲ್ಲಿ ಎರಡು ಗುಂಡುಸೂಜಿಯನ್ನು 11.7 ಸೆಂಟಿಮೀಟರ್ ದೂರದಲ್ಲಿ ಚುಚ್ಚಿ. ದಾರವನ್ನು ಗಂಟು ಹಾಕಿ ಬಳೆಯಂತೆ ಮಾಡಿ, ಗಂಟು ಹಾಕಿದ ಮೇಲೆ ಅದರ ಸುತ್ತಳತೆ 28.7 ಸೆಂಟಿಮೀಟರ್ ಇರಬೇಕು. ದಾರವನ್ನು ಎರಡೂ ಸೂಜಿಗೆ ಹಾಕಿ, ಪೆನ್ಸಿಲ್ ತುದಿಯಿಂದ ಬಿಗಿಯಾಗಿ ಎಳೆದು ಹಿಡಿದು ಸುತ್ತ ಗೆರೆ ಎಳೆಯಿರಿ. 17 ಸೆಂಟಿಮೀಟರ್ ಉದ್ದ, 12.3 ಸೆಂಟಿಮೀಟರ್ ಅಗಲದ ದೀರ್ಘವೃತ್ತ ಬರುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು: ನಕ್ಷತ್ರವನ್ನು ನಡುವೆ ಇಡುವುದು. ನಕ್ಷತ್ರ ನಡುವೆ ಇಲ್ಲ, ಒಂದು ಸೂಜಿಯ ಜಾಗದಲ್ಲಿದೆ. ಇನ್ನೊಂದು ಸೂಜಿಯ ಜಾಗ ಖಾಲಿ.

ನಕ್ಷತ್ರದ ಸೂಜಿಯನ್ನೇ ಕೇಂದ್ರ ಮಾಡಿ ಕಂಪಾಸಿನಿಂದ 3.6, 5 ಮತ್ತು 7.6 ಸೆಂಟಿಮೀಟರ್ ತ್ರಿಜ್ಯದ ವೃತ್ತಗಳನ್ನು ಎಳೆಯಿರಿ. ಇವು ನಮ್ಮ ಶುಕ್ರ, ಭೂಮಿ, ಮಂಗಳದ ದಾರಿಗಳು, ಹೋಲಿಕೆಗಾಗಿ. ಈಗ ನೋಡಿ. ಈ ದೈತ್ಯ ಒಂದು ತುದಿಯಲ್ಲಿ ಶುಕ್ರನ ವೃತ್ತಕ್ಕಿಂತಲೂ ಒಳಗೆ ನುಗ್ಗುತ್ತದೆ, ನಕ್ಷತ್ರದಿಂದ ಬರೀ 2.6 ಸೆಂಟಿಮೀಟರ್. ಇನ್ನೊಂದು ತುದಿಯಲ್ಲಿ ಮಂಗಳವನ್ನು ದಾಟಿ 14.4 ಸೆಂಟಿಮೀಟರ್ ಆಚೆ ಹೋಗುತ್ತದೆ. ನಮ್ಮಲ್ಲಾದರೆ ಅದು ಕ್ಷುದ್ರಗ್ರಹಗಳ ಪಟ್ಟಿ. ಹತ್ತಿರದ ತುದಿಯಲ್ಲಿ ಬೀಳುವ ಬೆಳಕು ದೂರದ ತುದಿಗಿಂತ ಸುಮಾರು 30 ಪಟ್ಟು.

ವೇಗವೂ ಹಾಗೇ. ಹತ್ತಿರದ ತುದಿಯಲ್ಲಿ ಸೆಕೆಂಡಿಗೆ ಸುಮಾರು 55 ಕಿಲೋಮೀಟರ್, ದೂರದ ತುದಿಯಲ್ಲಿ ಸುಮಾರು 10. ಹಾಗಾಗಿ 799 ದಿನಗಳಲ್ಲಿ ಅದು ಭೂಮಿಯ ವೃತ್ತದ ಒಳಗಿರುವುದು ನೂರು ದಿನಕ್ಕೂ ಸ್ವಲ್ಪ ಕಡಿಮೆ. 10 ಸೆಂಟಿಮೀಟರ್ ತ್ರಿಜ್ಯದ ಇನ್ನೊಂದು ವೃತ್ತ ಎಳೆದರೆ, ಅದರ ಆಚೆಗೇ ಸುಮಾರು 500 ದಿನ ಕಳೆಯುತ್ತದೆ. ಹತ್ತಿರ ಬಂದಾಗ ಸರ್ರನೆ ಸುತ್ತಿ ಹೋಗಿಬಿಡುತ್ತದೆ.

ಇದೇ ಅಳತೆಯಲ್ಲಿ ನಕ್ಷತ್ರದ ಅಗಲ ಅರ್ಧ ಮಿಲಿಮೀಟರ್, ಸೂಜಿ ಚುಚ್ಚಿದ ತೂತಿನಷ್ಟು. ಹಾಗಾದರೆ ಜೊತೆಗಾರ ಎ ಎಲ್ಲಿರಬೇಕು? ಕಾಗದದ ಅಂಚಿನಲ್ಲಾ? ಅಲ್ಲ. ಎರಡು ನಕ್ಷತ್ರಗಳ ನಡುವೆ ಕನಿಷ್ಠ 850 ಖಗೋಳಮಾನದಷ್ಟು ದೂರ. ಅಂದರೆ ಕಾಗದದಿಂದ 42 ಮೀಟರ್ ಆಚೆ. ಆಗುವುದಾದರೆ ನಡೆದುಕೊಂಡು ಹೋಗಿ ಆ ಜಾಗದಲ್ಲಿ ನಿಂತು ಹಿಂದಿರುಗಿ ನೋಡಿ. ಜೋಡಿ ನಕ್ಷತ್ರವಿದ್ದರೂ ಗ್ರಹ ಹೇಗೆ ಉಳಿಯಿತು ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ, ಅಲ್ವಾ? ಎ ಮತ್ತು ಬಿ ಒಂದನ್ನೊಂದು ಒಂದು ಸುತ್ತು ಬರಲು ಹತ್ತು ಸಾವಿರ ವರ್ಷಕ್ಕೂ ಜಾಸ್ತಿ ಬೇಕು.

ಎರಡು ಸೂರ್ಯ ಕಾಣುತ್ತಾ?

ಇಲ್ಲಿ ಎರಡು ಬಗೆಯನ್ನು ಕಲಸಬಾರದು. ಎರಡು ನಕ್ಷತ್ರ ತುಂಬಾ ಹತ್ತಿರವಿದ್ದು, ಗ್ರಹ ಎರಡನ್ನೂ ಒಟ್ಟಿಗೆ ಸುತ್ತುವುದು ಒಂದು ಬಗೆ. 2011ರಲ್ಲಿ ಪ್ರಕಟವಾದ ಕೆಪ್ಲರ್-16 ಬಿ ಎಂಬ ಗ್ರಹ ಅಂಥದ್ದು. ಅಲ್ಲಿ ನಿಜಕ್ಕೂ ಎರಡು ಸೂರ್ಯ ಒಟ್ಟಿಗೆ ಮುಳುಗುತ್ತವೆ. ನಮ್ಮದು ಇನ್ನೊಂದು ಬಗೆ. ಗ್ರಹ ಒಂದೇ ನಕ್ಷತ್ರಕ್ಕೆ ಸೇರಿದ್ದು, ಇನ್ನೊಂದು ದೂರದ ನೆರೆಮನೆ. ಬಿ ಹತ್ತಿರದಿಂದ ನೋಡಿದರೆ ಎ ಒಂದು ಚುಕ್ಕಿಯಾಗಿಯೇ ಕಾಣುತ್ತದೆ, ತಟ್ಟೆಯಾಗಿ ಅಲ್ಲ. ಆದರೆ ಲೆಕ್ಕ ಹಾಕಿದರೆ ಆ ಒಂದೇ ಚುಕ್ಕಿಯ ಹೊಳಪು ಹೆಚ್ಚೆಂದರೆ ನಮ್ಮ ಹುಣ್ಣಿಮೆ ಚಂದ್ರನಷ್ಟು ಬರುತ್ತದೆ. ಹುಣ್ಣಿಮೆ ಬೆಳಕೆಲ್ಲ ಒಂದು ಸೂಜಿಮೊನೆಯಲ್ಲಿ ಕೂಡಿಕೊಂಡಂತೆ.

ಹಂತ 9: ಅಂಕಿಗಳನ್ನು ತಪ್ಪಿಲ್ಲದೆ ಓದಿ

ಯಾರಿಗೂ ಕಾಣದ ಗ್ರಹದ ಬಗ್ಗೆ ಇಷ್ಟೆಲ್ಲ ಹೇಗೆ ಗೊತ್ತಾಯಿತು? ಗ್ರಹ ನಕ್ಷತ್ರವನ್ನು ಎಳೆಯುತ್ತದೆ, ನಕ್ಷತ್ರ ಅದಕ್ಕೆ ತಕ್ಕಂತೆ ಸ್ವಲ್ಪ ಅಲ್ಲಾಡುತ್ತದೆ. ನಮ್ಮ ಕಡೆ ಬರುವಾಗ ಅದರ ಬೆಳಕು ಕೂದಲೆಳೆಯಷ್ಟು ನೀಲಿಯ ಕಡೆ, ದೂರ ಹೋಗುವಾಗ ಕೆಂಪಿನ ಕಡೆ ಜರುಗುತ್ತದೆ. ಇದಕ್ಕೆ ಡಾಪ್ಲರ್ ಪಲ್ಲಟ ಅನ್ನುತ್ತಾರೆ. 16 ಸಿಗ್ನಿ ಬಿ ಅಲ್ಲಾಡುವ ವೇಗ ಸೆಕೆಂಡಿಗೆ ಸುಮಾರು 50 ಮೀಟರ್. ಗಂಟೆಗೆ 180 ಕಿಲೋಮೀಟರ್, ಒಂದು ವೇಗದ ರೈಲಿನಷ್ಟು. ನಮ್ಮ ಭೂಮಿಯೇ ಸೆಕೆಂಡಿಗೆ 30 ಕಿಲೋಮೀಟರ್ ಓಡುತ್ತಿರುತ್ತದೆ. ಅದನ್ನೆಲ್ಲ ಕಳೆದು ಈ 50 ಮೀಟರನ್ನು ಹೆಕ್ಕಬೇಕು. ಅದಕ್ಕಾಗಿ ನಕ್ಷತ್ರದ ಬೆಳಕನ್ನು ಅಯೋಡಿನ್ ಆವಿ ತುಂಬಿದ ಗಾಜಿನ ಕೊಳವೆಯ ಮೂಲಕ ಹಾಯಿಸಿದರು. ಅಯೋಡಿನ್ ಬೆಳಕಿನಲ್ಲಿ ನೂರಾರು ಸಣ್ಣ ಕಪ್ಪು ಗೆರೆಗಳನ್ನು ಮೂಡಿಸುತ್ತದೆ, ಅವೇ ಅಳತೆ ಪಟ್ಟಿ.

ಟೆಕ್ಸಸ್‌ನ ಮೆಕ್‌ಡೊನಾಲ್ಡ್ ವೀಕ್ಷಣಾಲಯದಲ್ಲಿ ವಿಲಿಯಂ ಕಾಕ್ರನ್ ಮತ್ತು ಆರ್ಟಿ ಹ್ಯಾಟ್ಜಸ್, ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದಲ್ಲಿ ಜೆಫ್ರಿ ಮಾರ್ಸಿ ಮತ್ತು ಪಾಲ್ ಬಟ್ಲರ್ ಬೇರೆಬೇರೆಯಾಗಿ ಅಳೆದು, ಒಂದೇ ಉತ್ತರಕ್ಕೆ ಬಂದು 1996ರಲ್ಲಿ ಒಟ್ಟಿಗೆ ತಿಳಿಸಿದರು. ಎರಡು ಕಡೆ ಒಂದೇ ಉತ್ತರ ಬಂದದ್ದು ಈ ಗ್ರಹವನ್ನು ನಂಬಲು ದೊಡ್ಡ ಕಾರಣ.

ಪಟ್ಟಿಗಳಲ್ಲಿ ಇದರ ತೂಕ ಗುರುವಿನ ಸುಮಾರು 1.7 ಪಟ್ಟು ಅಂತ ಬರೆದಿರುತ್ತದೆ. ಅದು ಕನಿಷ್ಠ ತೂಕ, ಪೂರ್ತಿ ತೂಕ ಅಲ್ಲ. ಡಾಪ್ಲರ್ ವಿಧಾನಕ್ಕೆ ನಮ್ಮ ಕಡೆಗಿನ ಮತ್ತು ನಮ್ಮಿಂದ ಆಚೆಗಿನ ಚಲನೆ ಮಾತ್ರ ಸಿಗುತ್ತದೆ. ದಾರಿ ನಮಗೆ ವಾಲಿಕೊಂಡಿದ್ದರೆ ಅಸಲಿ ತೂಕ ಜಾಸ್ತಿ ಇರುತ್ತದೆ. ಗ್ರಹದ ಗಾತ್ರವನ್ನು ಈ ವಿಧಾನ ಹೇಳುವುದೇ ಇಲ್ಲ. ಎಲ್ಲಾದರೂ ಇದರ ಬಣ್ಣದ ಚಿತ್ರ ನೋಡಿದರೆ ಅದು ಕಲಾವಿದರ ಕಲ್ಪನೆ ಅಂತ ತಿಳಿಯಿರಿ.

ಸ್ಪ್ರೆಡ್‌ಶೀಟ್ ಗೊತ್ತಿರುವವರು ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಪ್ರಕಟವಾದ ವೇಗದ ಅಳತೆಗಳನ್ನು ಎರಡು ಕಾಲಂನಲ್ಲಿ ಹಾಕಿ, ಒಂದರಲ್ಲಿ ದಿನಾಂಕ, ಒಂದರಲ್ಲಿ ವೇಗ. ದಿನಾಂಕವನ್ನು ಜೂಲಿಯನ್ ದಿನಸಂಖ್ಯೆಯಲ್ಲೇ ಇಟ್ಟುಕೊಳ್ಳಿ, ಅಂದರೆ ಎಡೆಬಿಡದೆ ಎಣಿಸುತ್ತಾ ಹೋಗುವ ದಿನಗಳ ಲೆಕ್ಕ. ಅದನ್ನು 799ರಿಂದ ಭಾಗಿಸಿ ಶೇಷ ತೆಗೆದು, ಶೇಷಕ್ಕೆ ಎದುರಾಗಿ ವೇಗದ ಗ್ರಾಫ್ ಹಾಕಿ. ಹಲವು ವರ್ಷಗಳ ಚುಕ್ಕಿಗಳೆಲ್ಲ ಒಂದೇ ಗೆರೆಯ ಮೇಲೆ ಬಂದು ಕೂರುತ್ತವೆ. ಆ ಗೆರೆ ಸಮನಾದ ಅಲೆಯಂತೆ ಇರುವುದಿಲ್ಲ. ತುಂಬಾ ದಿನ ಮೆಲ್ಲಗೆ ಬದಲಾಗಿ, ಆಮೇಲೆ ತಟ್ಟನೆ ತಿರುಗುತ್ತದೆ. ಗ್ರಹ ಸರ್ರನೆ ಸುತ್ತಿ ಹೋಗುವ ಆ ನೂರು ದಿನ ಅದರಲ್ಲೇ ಕಾಣುತ್ತದೆ.

ಇಷ್ಟು ಉದ್ದನೆಯ ದಾರಿ ಯಾಕೆ?

ಒಂದು ವಿವರಣೆ ಜೊತೆಗಾರ ನಕ್ಷತ್ರವನ್ನೇ ತೋರಿಸುತ್ತದೆ. ಎ ನಕ್ಷತ್ರದ ದಾರಿಯ ಸಮತಲಕ್ಕೆ ಗ್ರಹದ ದಾರಿ ತುಂಬಾ ವಾಲಿಕೊಂಡಿದ್ದರೆ, ದೂರದ ಸಣ್ಣ ಎಳೆತವೂ ಕೋಟ್ಯಂತರ ವರ್ಷ ಒಂದೇ ಸಮನೆ ಕೂಡುತ್ತಾ ಹೋಗುತ್ತದೆ. ಆಗ ವಾಲುವಿಕೆ ಕಡಿಮೆಯಾದಂತೆ ದಾರಿ ಉದ್ದವಾಗುತ್ತದೆ, ಮತ್ತೆ ವಾಲುವಿಕೆ ಹೆಚ್ಚಾದಂತೆ ದುಂಡಗಾಗುತ್ತದೆ. ಇದನ್ನು 1960ರ ದಶಕದ ಆರಂಭದಲ್ಲಿ ಲಿಡೋವ್ ಮತ್ತು ಕೊಝಾಯ್ ಎಂಬ ಇಬ್ಬರು ವಿಜ್ಞಾನಿಗಳು ಬೇರೆಬೇರೆಯಾಗಿ ಕಂಡುಕೊಂಡಿದ್ದರು. 1997ರಲ್ಲಿ ಅದನ್ನು 16 ಸಿಗ್ನಿಗೆ ಅನ್ವಯಿಸಿ ತೋರಿಸಿದರು. ಈ ವಿವರಣೆ ಸರಿಯಾದರೆ ನಿಮ್ಮ ಕಾಗದದ ಮೇಲಿನ ದೀರ್ಘವೃತ್ತ ಶಾಶ್ವತ ಅಲ್ಲ, ಈ ಕಾಲದ್ದು ಮಾತ್ರ. ಬೇರೊಂದು ದೊಡ್ಡ ಗ್ರಹ ಹತ್ತಿರ ಹಾದು ಇದನ್ನು ತಳ್ಳಿರಬಹುದು ಎಂಬ ವಾದವೂ ಇದೆ. ನನಗೆ ಮೊದಲನೆಯದೇ ಹೆಚ್ಚು ಹಿಡಿಸುತ್ತದೆ, ಯಾಕೆಂದರೆ 42 ಮೀಟರ್ ಆಚೆ ನಿಂತ ಆ ಚುಕ್ಕಿಗೂ ಅದರಲ್ಲಿ ಪಾಲು ಸಿಗುತ್ತದೆ.

"ಅಲ್ಲಿ ಭೂಮಿಯಂಥ ಗ್ರಹ ಇರಬಹುದಾ?" ಅಂತಲೂ ಕೇಳುತ್ತೀರಿ. ನಿಮ್ಮ ಚಿತ್ರವನ್ನೇ ನೋಡಿ. ಭೂಮಿಯ ವೃತ್ತವನ್ನು ಈ ದೈತ್ಯ ಪ್ರತಿ ಸುತ್ತಿನಲ್ಲೂ ಎರಡು ಸಲ ದಾಟುತ್ತದೆ. ಅಷ್ಟು ದೂರದಲ್ಲಿ ಸಣ್ಣ ಗ್ರಹವೊಂದು ನೆಮ್ಮದಿಯಾಗಿ ಸುತ್ತುವುದು ಬಹಳ ಕಷ್ಟ. ಎ ಸುತ್ತ ಇಂಥ ದೈತ್ಯ ಯಾವುದೂ ಸಿಕ್ಕಿಲ್ಲ. ಅಂದಹಾಗೆ 1999ರಲ್ಲಿ ಕ್ರಿಮಿಯಾದ ಯೆವ್ಪಟೋರಿಯಾ ಊರಿನ ದೊಡ್ಡ ರೇಡಿಯೊ ಆಂಟೆನಾದಿಂದ ಎ ಕಡೆಗೆ ಒಂದು ಸಂದೇಶ ಕಳುಹಿಸಿದ್ದಾರೆ. ಅದು ಇನ್ನೂ ದಾರಿಯಲ್ಲಿದೆ.

ನೋಟ್‌ಬುಕ್‌ನಲ್ಲಿ ಏನು ಬರೆಯಬೇಕು?

ದಿನಾಂಕ, ಸಮಯ, ಉಪಕರಣ, ಎಷ್ಟು ಪಟ್ಟು ಹಿಗ್ಗಿಸಿದಿರಿ, ಎರಡು ಚುಕ್ಕಿಗಳ ಬಣ್ಣ, ಎ ಮರೆಯಾದ ಮೇಲೆ ಬಿ ಮರೆಯಾಗಲು ಹಿಡಿದ ಸೆಕೆಂಡುಗಳು. ಆರ್ ಸಿಗ್ನಿ ಕಂಡಿತೋ ಇಲ್ಲವೋ ಅದನ್ನೂ ಬರೆಯಿರಿ, ಮುಂದಿನ ತಿಂಗಳು ಹೋಲಿಸಿ ನೋಡಬಹುದು. ದಿನಾಂಕದ ಪಕ್ಕದಲ್ಲಿ ಅದಕ್ಕೆ 799 ದಿನ ಕೂಡಿಸಿ ಬರುವ ದಿನಾಂಕವನ್ನೂ ಗುರುತು ಹಾಕಿಡಿ. ಗ್ರಹ ಒಂದು ಸುತ್ತು ಮುಗಿಸಿ, ನೀವು ಮೊದಲು ನೋಡಿದ ರಾತ್ರಿ ಎಲ್ಲಿತ್ತೋ ಅಲ್ಲಿಗೇ ಮತ್ತೆ ಬಂದಿರುವ ದಿನ ಅದು. ಆ ದಿನ ಮೋಡ ಇರದಿದ್ದರೆ ಇನ್ನೊಂದು ಸಲ ನೋಡಿ.